ಕ್ರಮವಿಧಿ ಪರಿಶೀಲನೆಯ ಸ್ಥಾನಪಲ್ಲಟ

ಗ್ರಂಥವೊಂದನ್ನು ತಿದ್ದುವ ಸ್ಥಳವೂ ಆ ತಿದ್ದುಪಡಿಯನ್ನು ಚರ್ಚಿಸುವ ಸ್ಥಳವೂ ಒಂದೇ ಆಗಿರಬೇಕೆ? ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಪ್ರಶ್ನೆ ಹೊಸದಲ್ಲ; ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುವುದಕ್ಕೂ ಗ್ರಂಥಾಂತ್ಯದಲ್ಲಿ ಕೊಡುವುದಕ್ಕೂ ಇರುವ ಅಂತರವನ್ನು ಅವರು ಬಲ್ಲರು. ಸಾಫ್ಟ್‌ವೇರ್ ರಚನೆಯ ಇತಿಹಾಸದಲ್ಲಿಯೂ ಇದೇ ಪ್ರಶ್ನೆ ತಲೆದೋರಿದೆ.

1968ನೆಯ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟರು ತಮ್ಮ ಗಣಕವ್ಯವಸ್ಥೆಯನ್ನು ಪ್ರದರ್ಶಿಸುತ್ತ, ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ಬರಹವನ್ನು ತೆರೆಯ ಮೇಲೆ ನೋಡಿ ಸಂಭಾಷಿಸಿದರು. ಆ ಆದರ್ಶವು ಬಹುಕಾಲ ಬಳಕೆಗೆ ಇಳಿಯಲಿಲ್ಲ. 1985ರಲ್ಲಿ ಲ್ಯಾರಿ ವಾಲ್ ರಚಿಸಿದ ಪ್ಯಾಚ್ ಎಂಬ ಸಾಧನದಿಂದ ಬದಲಾದ ಸಾಲುಗಳನ್ನಷ್ಟೇ ಕಳುಹಿಸಿ ಮೂಲಕ್ಕೆ ಸೇರಿಸುವುದು ಸುಲಭವಾಯಿತು. ಚರ್ಚೆಯು ಪತ್ರವ್ಯವಹಾರದಲ್ಲಿಯೇ ಉಳಿಯಿತು.

2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ನಿರ್ಮಿಸಿದ ಗಿಟ್, ಕ್ರಮವಿಧಿಯ ಸಮಗ್ರ ಚರಿತ್ರೆಯನ್ನು ಪ್ರತಿಯೊಬ್ಬ ಲೇಖಕನ ಗಣಕಕ್ಕೂ ತಂದಿತು. ಆದರೆ 2008ರಲ್ಲಿ ಆರಂಭವಾದ ಗಿಟ್‌ಹಬ್ ಚರ್ಚೆಯನ್ನು ತನ್ನ ಜಾಲಪುಟಕ್ಕೆ ಎಳೆದುಕೊಂಡಿತು. ಅಲ್ಲಿ ಪುಲ್ ರಿಕ್ವೆಸ್ಟನ್ನು ಪರಿಶೀಲಿಸುವವನು ಬದಲಾದ ಸಾಲುಗಳನ್ನು ಓದಬಲ್ಲನಾಗಿದ್ದನೇ ಹೊರತು ಅವುಗಳನ್ನು ಅಲ್ಲಿಯೇ ನಡೆಸಿ ನೋಡಲಾರದವನಾಗಿದ್ದನು. ಪರೀಕ್ಷೆಗೆ ಆ ಶಾಖೆಯನ್ನು ತನ್ನ ಗಣಕಕ್ಕೆ ತರಬೇಕು, ಅಭಿಪ್ರಾಯ ಬರೆಯಲು ಪುನಃ ಜಾಲಪುಟಕ್ಕೆ ಹೋಗಬೇಕು. ಓದಿಗೆ ಒಪ್ಪುವ ತಿದ್ದುಪಡಿ ಓಟದಲ್ಲಿ ಮುಗ್ಗರಿಸುವುದು ಈ ವೃತ್ತಿಯಲ್ಲಿ ಅಪರೂಪವೇನಲ್ಲ.

2018ರ ಸೆಪ್ಟೆಂಬರಿನಲ್ಲಿ ವಿಷುವಲ್ ಸ್ಟುಡಿಯೋ ಕೋಡ್ ಎಡಿಟರಿಗಾಗಿ ಹೊರಬಂದ ವಿಸ್ತರಣೆಯು ಈ ಅಲೆದಾಟವನ್ನು ತಗ್ಗಿಸಿತು. ವಿನಂತಿಗಳ ಪಟ್ಟಿ, ಬದಲಾದ ಕಡತಗಳು, ಸಾಲಿನ ಪಕ್ಕದ ಟಿಪ್ಪಣಿಗಳು ಎಲ್ಲವೂ ಎಡಿಟರಿನೊಳಗೇ ದೊರೆತವು. ಅದೇ ವರ್ಷ ಜೂನಿನಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನು ಕೊಳ್ಳುವುದಾಗಿ ಘೋಷಿಸಿದ್ದರಿಂದ, ಖರೀದಿಯೇ ಈ ಬೆಳವಣಿಗೆಯ ಮೂಲವೆಂದು ಊಹಿಸುವುದು ಸುಲಭ. ಆದರೆ ಗಿಟ್‌ಹಬ್ ತನ್ನದೇ ಆಟಮ್ ಎಡಿಟರಿನಲ್ಲಿ ಇಂಥ ಸೌಕರ್ಯವನ್ನು 2017ರಲ್ಲಿಯೇ ಒದಗಿಸತೊಡಗಿತ್ತು. ಅಗತ್ಯವು ಒಡೆತನಕ್ಕಿಂತ ಹಿಂದಿನದು.

ಇತಿಹಾಸಕಾರನಿಗೆ ಇಲ್ಲೊಂದು ತೊಡಕಿದೆ. ಟಿಪ್ಪಣಿಯು ಎಡಿಟರಿನಲ್ಲಿ ಕಾಣಿಸಿಕೊಂಡರೂ ಅದರ ನೆಲೆ ಗಿಟ್‌ಹಬ್ಬಿನ ಗಣಕದಲ್ಲಿಯೇ. ಗಿಟ್ ಪ್ರತಿಯೊಡನೆ ಅದು ತಾನಾಗಿ ಬಾರದು. ಪ್ರತಿಯನ್ನು ಇಟ್ಟುಕೊಂಡವನಿಗೆ ಯಾರು, ಎಂದು, ಏನನ್ನು ಬದಲಿಸಿದರೆಂಬುದು ತಿಳಿಯುತ್ತದೆ. ಯಾರು ಆಕ್ಷೇಪಿಸಿದರು, ಯಾವ ಸಲಹೆ ತಿರಸ್ಕೃತವಾಯಿತು ಎಂಬುದು ತಿಳಿಯದು. ಕಣ್ಣಿಗೆ ಹತ್ತಿರವಾದುದನ್ನೇ ಕೈವಶವೆಂದು ಎಣಿಸುವ ಭ್ರಮೆಗೆ ಹೊಸ ಎಡಿಟರ್ ಮತ್ತಷ್ಟು ಎಡೆಗೊಡುತ್ತದೆ. ಇಂಥದೇ ಸೇವೆಯಾದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿದಾಗ, ಅಲ್ಲಿನ ಸಂಗ್ರಹವನ್ನು ಓದಲು ಉಳಿಸಿಕೊಡಬೇಕೆಂಬ ನಿರ್ಧಾರ ಆ ಸಂಸ್ಥೆಯದಾಗಿತ್ತು, ಲೇಖಕರದಲ್ಲ.