ನಕ್ಷೆ ಮತ್ತು ಸನ್ನದು: ಸೇಂಟ್ ಜೇಮ್ಸ್ ದಿ ಲೆಸ್ ಚರ್ಚಿನ ಚರಿತ್ರೆ

ಅಮೆರಿಕದ ಫಿಲಡೆಲ್ಫಿಯ ನಗರದ ಹೊರವಲಯದಲ್ಲಿ ಸೇಂಟ್ ಜೇಮ್ಸ್ ದಿ ಲೆಸ್ ಎಂಬ ಎಪಿಸ್ಕೋಪಲ್ ಚರ್ಚಿನ ನಿರ್ಮಾಣ 1846ರಲ್ಲಿ ಆರಂಭವಾಯಿತು. ವರ್ತಕ ರಾಬರ್ಟ್ ರಾಲ್ಸ್ಟನ್ ಈ ಕಾರ್ಯದ ಮುಂದಾಳು. ಇಂಗ್ಲೆಂಡಿನ ಲಾಂಗ್‌ಸ್ಟಾಂಟನ್ ಗ್ರಾಮದಲ್ಲಿರುವ ಹದಿಮೂರನೆಯ ಶತಮಾನದ ಸೇಂಟ್ ಮೈಕೇಲ್ ಚರ್ಚು ಇದರ ಮಾದರಿ. ಗಾಥಿಕ್ ಶೈಲಿಯ ಪುನರುಜ್ಜೀವನಕ್ಕೆ ಶ್ರಮಿಸುತ್ತಿದ್ದ ಕೇಂಬ್ರಿಡ್ಜ್ ಕ್ಯಾಮ್ಡೆನ್ ಸೊಸೈಟಿಯಿಂದ ಅದರ ನಕ್ಷೆಗಳು ಬಂದವು.

1854ರಲ್ಲಿ ನಗರದ ಎಲ್ಲೆ ವಿಸ್ತರಿಸಿ ಆ ಹೊರವಲಯವನ್ನು ಒಳಗೊಂಡಿತು. ಪ್ರತಿಕೃತಿಯಾಗಿ ಹುಟ್ಟಿದ ಈ ಕಟ್ಟಡ ಅಮೆರಿಕದ ಅನೇಕ ಚರ್ಚುಗಳಿಗೆ ತಾನೇ ಮಾದರಿಯಾಯಿತು. 1985ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಮನ್ನಣೆ ದೊರೆಯಿತು.

ಆದರೆ 1999ರಲ್ಲಿ ಇಲ್ಲಿನ ಭಕ್ತಸಮುದಾಯ ಧಾರ್ಮಿಕ ಭಿನ್ನಾಭಿಪ್ರಾಯದಿಂದ ಎಪಿಸ್ಕೋಪಲ್ ಸಂಸ್ಥೆಯನ್ನು ತೊರೆಯಿತು. ಆಗ ಎದ್ದ ಪ್ರಶ್ನೆ ಒಂದೇ: ಕಟ್ಟಡ ಯಾರದು? ತಲೆಮಾರುಗಳಿಂದ ಪ್ರಾರ್ಥಿಸಿ ಕಾಪಾಡಿಕೊಂಡು ಬಂದವರದೋ, ಅವರು ಸೇರಿದ್ದ ಧರ್ಮಪ್ರಾಂತ್ಯದ್ದೋ? ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟು 2005ರಲ್ಲಿ ಧರ್ಮಪ್ರಾಂತ್ಯದ ಪರ ತೀರ್ಪಿತ್ತಿತು. ಚರ್ಚು ಎಪಿಸ್ಕೋಪಲ್ ಸಂಸ್ಥೆಗೆ ಸೇರಿದ್ದೆಂದು ಸ್ಥಾಪಕರೇ ಸನ್ನದಿನಲ್ಲಿ ಒಪ್ಪಿದ್ದರು. ಮರುವರ್ಷ ಭಕ್ತಸಮುದಾಯ ಆವರಣ ಬಿಟ್ಟು ಹೊರನಡೆಯಿತು.

ಕಡಲಾಚೆಯಿಂದ ಬಂದ ನಕ್ಷೆ ಕಟ್ಟಡಕ್ಕೆ ರೂಪ ಕೊಟ್ಟಿತು. ಸ್ಥಾಪಕರ ಸನ್ನದು ಒಡೆತನವನ್ನು ನಿರ್ಣಯಿಸಿತು. ಕಾಪಾಡಿದವರ ಶ್ರಮಕ್ಕೆ ಇಂಥ ದಾಖಲೆ ಇರಲಿಲ್ಲ. 2011ರಲ್ಲಿ ಆ ಆವರಣದಲ್ಲಿ ಸುತ್ತಲಿನ ಬಡಮಕ್ಕಳಿಗಾಗಿ ಶಾಲೆಯೊಂದು ತೆರೆಯಿತು. ಒಂದು ಸಮುದಾಯ ತೆರವು ಮಾಡಿದ ನೆಲದಲ್ಲಿ ಇನ್ನೊಂದು ಸಮುದಾಯ ನೆಲೆ ಕಂಡಿತು.