ಮೂರೇ ಮೂರು ಫ್ಲ್ಯಾಶ್ ಬಲ್ಬು

ಚರಕದ ಹಿಂದೆ ಕೂತು ಓದ್ತಿರೋ ಗಾಂಧೀಜಿ ಫೋಟೊ ನಿಮ್ಮ ಮೊಬೈಲ್‌ಗೂ ಒಮ್ಮೆಯಾದ್ರೂ ಬಂದಿರುತ್ತೆ. ಅದನ್ನು ತೆಗೆದವರು ಅಮೆರಿಕದ ಮಾರ್ಗರೆಟ್ ಬರ್ಕ್-ವೈಟ್. 'ಲೈಫ್' ಪತ್ರಿಕೆಗಾಗಿ, 1946ರಲ್ಲಿ, ಪುಣೆಯಲ್ಲಿ.

ಪರದೇಶದಿಂದ ಬಂದವರಿಗೆ ಮೊದಲ ಷರತ್ತು: ನೂಲೋದು ಕಲೀರಿ, ಆಮೇಲೆ ಕ್ಯಾಮೆರಾ. ಕಲಿತರು. ಅವತ್ತು ಗಾಂಧೀಜಿಗೆ ಮೌನವ್ರತ, ಮಾತಾಡಿಸೋ ಹಾಗಿಲ್ಲ. ಕೋಣೆಯಲ್ಲಿ ಬೆಳಕು ಸಾಲದು, ಫ್ಲ್ಯಾಶ್ ಅಂದ್ರೆ ಅವರಿಗೆ ಆಗದು. ಕೊನೆಗೆ ಮೂರೇ ಬಲ್ಬಿಗೆ ಒಪ್ಪಿಗೆ ಸಿಕ್ತು. ಎರಡು ವ್ಯರ್ಥವಾದವು. ಮೂರನೆಯದು ಕೈಹಿಡೀತು.

ಇಷ್ಟೆಲ್ಲ ಕಲಿತವರು 1948ರ ಜನವರಿ 30ರಂದು ಎಡವಿದರು. ಕೆಲವೇ ಗಂಟೆ ಮೊದಲು ಗಾಂಧೀಜಿಯನ್ನು ಸಂದರ್ಶಿಸಿದ್ದರು. ಹತ್ಯೆಯ ಸುದ್ದಿ ತಿಳಿದು ದೆಹಲಿಯ ಬಿರ್ಲಾ ಹೌಸ್‌ಗೆ ಓಡಿದರು. ದೇಹ ಮಲಗಿಸಿದ್ದ ಕೋಣೆಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ಹೋಗಿ ಫ್ಲ್ಯಾಶ್ ಹೊಡೆದರು. ಅಳ್ತಾ ಕೂತಿದ್ದವರು ಸಿಟ್ಟಿಗೆದ್ದರು. ಫಿಲ್ಮ್ ತೆಗೆಸಿ ಅವರನ್ನು ಹೊರಗೆ ಕಳಿಸಲಾಯಿತು.

ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೊನ್ ಕೂಡ ಅದೇ ದಿನ ಗಾಂಧೀಜಿಯನ್ನು ಕಂಡು ಬಂದವರೇ. ಅವರ ಕೈಯಲ್ಲಿ ಪುಟ್ಟ ಲೈಕಾ, ಫ್ಲ್ಯಾಶ್ ಇಲ್ಲ. ಗೇಟಿನ ಹತ್ತಿರ, ಮಂದ ದೀಪದಲ್ಲಿ, ನೆಹರೂ ಜನರಿಗೆ ಸಾವಿನ ಸುದ್ದಿ ಹೇಳ್ತಿರೋ ಚಿತ್ರ ಅವರದು. ಮಸುಕು ಮಸುಕಾಗಿದೆ. ನಾನು ಎಷ್ಟೋ ಸಲ ಝೂಮ್ ಮಾಡಿ ನೋಡಿದ್ದೀನಿ. ಆ ಮಸುಕಿನಲ್ಲೇ ಅವತ್ತಿನ ದಿಗ್ಭ್ರಮೆ ಕಾಣುತ್ತೆ.

ಬರ್ಕ್-ವೈಟ್ ಮಾಡಿದ್ದು ಬರೀ ದುರಾಸೆ ಅಂತ ಮೊದಲು ಬೈಕೊಂಡಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ, ಜಗತ್ತಿಗೆ ತೋರಿಸಲೇಬೇಕಾದ ಸಾವು ಅದು. ಆದ್ರೆ ಪುಣೆಯಲ್ಲಿ ಅವರು ಕೇಳಿ ಬೆಳಕು ಹಾಕಿದ್ದರು, ದೆಹಲಿಯಲ್ಲಿ ಕೇಳಲಿಲ್ಲ.

ಅಂದ ಹಾಗೆ, ಚರಕದ ಆ ಫೋಟೊವನ್ನು 'ಲೈಫ್' ದೊಡ್ಡದಾಗಿ ಅಚ್ಚು ಹಾಕಿದ್ದು ಗಾಂಧೀಜಿ ಹೋದ ಮೇಲೆ.