ಬೀಡಿ ಕಟ್ಟಿದ ಮನೆ, ಬೀಡಿ ಸೇದಿದ ಓಣಿ

ಮಂಗಳೂರಿನ ಚರಿತ್ರೆ ಬರೆಯುವವರು ಬಂದರು, 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಹೆಂಚಿನ ಕಾರ್ಖಾನೆ, ಆಮೇಲೆ ಬ್ಯಾಂಕುಗಳು ಎಂದು ಸಾಲಾಗಿ ಹೇಳುತ್ತಾರೆ. ಬೀಡಿಗೆ ಒಂದು ಪ್ಯಾರಾ ಸಿಕ್ಕಿದರೆ ಹೆಚ್ಚು. ಈ ಊರಿನ ಮಕ್ಕಳು ಹೇಗೆ ಬೆಳೆದರು ಎಂದು ತಿಳಿಯಬೇಕಾದರೆ ಬೀಡಿಯಿಂದಲೇ ಶುರು ಮಾಡಬೇಕು ಎಂದು ನನಗನ್ನಿಸುತ್ತದೆ.

ಭಾರತ್ ಬೀಡಿ, ಗಣೇಶ್ ಬೀಡಿ, ಪಿ.ವಿ.ಎಸ್. ಬೀಡಿ: 20ನೇ ಶತಮಾನದಲ್ಲಿ ಇಲ್ಲಿ ಬೆಳೆದ ಈ ಹೆಸರುಗಳನ್ನು ಹೊತ್ತದ್ದು ಮನೆಗಳ ಜಗಲಿಗಳು. ಹೆಂಗಸರು ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಟ್ಟಿ, ಸಾವಿರಕ್ಕೆ ಇಷ್ಟೆಂದು ಮಜೂರಿ ಪಡೆದರು. 1966ರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. 1976ರ ಕಲ್ಯಾಣ ನಿಧಿ ಕಾಯ್ದೆಯ ಮೂಲಕ ಅವರ ಮಕ್ಕಳಿಗೆ ವಿದ್ಯಾರ್ಥಿವೇತನವೂ ಬಂತು. ಶಾಲೆಯಿಂದ ಬಂದ ಮಕ್ಕಳು ಎಲೆ ಕತ್ತರಿಸಿ, ಬೀಡಿಯ ತುದಿ ಮಡಚಿ ತಾಯಿಗೆ ನೆರವಾದರು. ಅವರ ಪುಸ್ತಕ, ಫೀಸು ಬಂದದ್ದೂ ಅದೇ ಗೆರಸೆಯಿಂದ.

ಆ ಮನೆಗಳಲ್ಲಿ ಹೊಗೆಸೊಪ್ಪು ಹುಡುಗರಿಗೂ ಹುಡುಗಿಯರಿಗೂ ಸಮಾನವಾಗಿ ಕೈಗೆಟಕುತ್ತಿತ್ತು. ಆದರೂ ಸೇದಲು ಕಲಿತವರು ಹೆಚ್ಚಾಗಿ ಹುಡುಗರು. ದಿನವಿಡೀ ಕಟ್ಟಿದ ಹುಡುಗಿಯರು ಒಂದನ್ನೂ ಬಾಯಿಗಿಡಲಿಲ್ಲ. ಅವರ ಪಾಲಿಗೆ ಸೊಪ್ಪಿನ ದೂಳು, ಕೆಮ್ಮು, ಬೆನ್ನುನೋವು. ಹಾಗಾದರೆ ವಸ್ತು ಹತ್ತಿರವಿದ್ದ ಮಾತ್ರಕ್ಕೆ ಚಟ ಹತ್ತುವುದಿಲ್ಲ. ಯಾರು ಸೇದಿದರೆ ಮನೆಯವರು ಕಂಡೂ ಕಾಣದಂತಿರುತ್ತಾರೆ, ಯಾರು ಸೇದಿದರೆ ಓಣಿಯೆಲ್ಲ ಬೈಯುತ್ತದೆ ಎಂಬುದೇ ಮುಖ್ಯ. ಅಜ್ಜನಿಗೆ ಬೀಡಿ ತರಲು ಗೂಡಂಗಡಿಗೆ ಓಡುತ್ತಿದ್ದವನು ಮೊಮ್ಮಗ. ಸಂಜೆ ಆ ಅಂಗಡಿಯ ಮುಂದೆ ದೊಡ್ಡವರ ಜೊತೆ ನಿಲ್ಲುವ ಸಲುಗೆಯೂ ಅವನಿಗೇ ಇತ್ತು. ಹೆಂಗಸರಿಗೆ ಒಪ್ಪಿಗೆಯಿದ್ದದ್ದು ಎಲೆಯಡಿಕೆ ತಟ್ಟೆಯ ಹೊಗೆಸೊಪ್ಪಿಗೆ, ಅದೂ ವಯಸ್ಸಾದ ಮೇಲೆ.

2003ರ ತಂಬಾಕು ನಿಯಂತ್ರಣ ಕಾಯ್ದೆ 18 ತುಂಬದವರಿಗೆ ಮಾರಬಾರದು, ಶಾಲೆ ಕಾಲೇಜಿನ 100 ಗಜದೊಳಗೆ ಮಾರಬಾರದು ಎಂದಿತು. ಓಣಿಗೆ ಇದು ಬೇಕಾದ ಕಾನೂನೇ. ಮನೆಯ ಜಗಲಿಯಲ್ಲಿ ಮಾತ್ರ ಗಜ ಹಿಡಿದು ಅಳೆಯುವವರಿಲ್ಲ.

ಈಗ ಬೀಡಿ ಕಟ್ಟುವ ಮನೆಗಳು ಕಡಿಮೆಯಾಗುತ್ತಿವೆ. ಹರೆಯದವರ ಮುಂದೆ ಬೇರೆ ಆಮಿಷಗಳಿವೆ. ಎಲ್ಲರೂ ಮಕ್ಕಳನ್ನೇ ಕೂರಿಸಿ ಬುದ್ಧಿ ಹೇಳುತ್ತಾರೆ. ಬೀಡಿಯ ಚರಿತ್ರೆ ನೋಡಿದರೆ ಬುದ್ಧಿವಾದ ಹಿರಿಯರಿಂದ ಶುರುವಾಗಬೇಕು. ಹೆಣ್ಣುಮಕ್ಕಳಿಗೆ ‘ಬೇಡ’ ಎಂದು ಹೇಳಿ ನಿಲ್ಲಿಸಿದ ಮನೆಗಳಿಗೆ ಗಂಡುಮಕ್ಕಳಿಗೂ ಅದನ್ನು ಹೇಳುವ ಶಕ್ತಿಯಿತ್ತು. ಹೇಳಲಿಲ್ಲ, ಅಷ್ಟೆ.